ಒಂದು ಕ್ಯಾರೆಟ್ ಎಂದರೆ ಎಷ್ಟು ದೊಡ್ಡದು?



ಚಿನ್ನದ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಳೆಯನ್ನು ಅಂಗೈಯಲ್ಲಿಟ್ಟು ಎರಡು ಸಲ ಅಲ್ಲಾಡಿಸಿದರೆ ಸಾಕು, ಎಷ್ಟು ಗ್ರಾಂ ಇರಬಹುದೆಂದು ನಮ್ಮ ತಾಯಂದಿರು ಹೇಳಿಬಿಡುತ್ತಾರೆ. ಅಂದಿನ ದರ ಎಷ್ಟು, ಕೂಲಿ ಎಷ್ಟು, ಸವಕಳಿ ಎಷ್ಟು ಎಂದು ಅಂಗಡಿಯವನ ಜೊತೆ ಅರ್ಧ ಗಂಟೆ ವಾದ ಮಾಡುವ ಧೈರ್ಯವೂ ನಮಗಿದೆ. ಆದರೆ ಅದೇ ಅಂಗಡಿಯ ಪಕ್ಕದ ಕೌಂಟರಿಗೆ ಹೋಗಿ ವಜ್ರದ ಉಂಗುರ ಕೇಳಿದರೆ ನಮ್ಮ ಬಾಯಿ ಕಟ್ಟಿಹೋಗುತ್ತದೆ. "ಇದು ಅರ್ಧ ಕ್ಯಾರೆಟ್, ಅದು ಮುಕ್ಕಾಲು ಕ್ಯಾರೆಟ್" ಎಂದು ಅವರು ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ. ಅರ್ಧ ಕ್ಯಾರೆಟ್ ಎಂದರೆ ಕಣ್ಣಿಗೆ ಎಷ್ಟು ದೊಡ್ಡದು ಕಾಣಬೇಕು? ಹೇಳಿದ ತೂಕಕ್ಕೂ ಕಾಣುವ ಗಾತ್ರಕ್ಕೂ ತಾಳೆಯಾಗುತ್ತದೆಯೇ? ಈ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ನಾನು ವಜ್ರದ ವ್ಯಾಪಾರಿಯಲ್ಲ. ಮದ್ರಸದಲ್ಲಿ ಆಲಿಮಾ ಕೋರ್ಸ್ ಮುಗಿಸಿ, ಆಮೇಲೆ ಅಂಚೆ ಶಿಕ್ಷಣದಲ್ಲಿ ಬಿ.ಎ. ಮಾಡಿ, ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ಒಬ್ಬ ಟೀಚರ್. ಈ ವಿಷಯ ನನ್ನ ಬಳಿಗೆ ಬಂದದ್ದು 2023ರಲ್ಲಿ, ನನ್ನ ಅಕ್ಕನ ಮಗಳ ನಿಕಾಹ್ ನಿಶ್ಚಯವಾದಾಗ. ಹುಡುಗ ದುಬೈನಲ್ಲಿ ಕೆಲಸದಲ್ಲಿದ್ದ. ಮಹ್ರ್‌ನಲ್ಲಿ ಒಂದು ವಜ್ರದ ಉಂಗುರ ಇರಲಿ ಎಂಬುದು ಅವನ ಆಸೆ. ಅದಕ್ಕಾಗಿ ಅವನು ಎತ್ತಿಟ್ಟ ಹಣ ನಾಲ್ಕು ವರ್ಷಗಳ ಓವರ್‌ಟೈಮ್ ದುಡಿಮೆ. ಅದು ಅವನ ಬೆವರು, ನಮ್ಮ ಹುಡುಗಿಯ ಹಕ್ಕು. "ನೀನು ಓದಿದವಳು, ನೀನೇ ಜೊತೆಗೆ ಹೋಗು" ಎಂದು ಅಕ್ಕ ನನಗೆ ಹೇಳಿದಳು. ಹೋಗುವುದಕ್ಕೆ ಮುಂಚೆ ಒಂದು ತಿಂಗಳು ಸಿಕ್ಕಿತು. ಆ ತಿಂಗಳಲ್ಲಿ ಓದಿ, ಪರಿಚಯದ ಅಕ್ಕಸಾಲಿಗರೊಬ್ಬರನ್ನು ಕೇಳಿ ತಿಳಿದುಕೊಂಡದ್ದನ್ನು, ಆಮೇಲೆ ಅಂಗಡಿಯಲ್ಲಿ ಕಣ್ಣಾರೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಪದದ ಗೊಂದಲ ಬಿಡಿಸೋಣ. ಚಿನ್ನಕ್ಕೂ ನಾವು ಕ್ಯಾರೆಟ್ ಎನ್ನುತ್ತೇವೆ, ವಜ್ರಕ್ಕೂ ಕ್ಯಾರೆಟ್ ಎನ್ನುತ್ತೇವೆ. ಎರಡೂ ಬೇರೆ ಬೇರೆ. ಚಿನ್ನದ ಕ್ಯಾರೆಟ್ ಶುದ್ಧತೆಯ ಲೆಕ್ಕ. 24 ಭಾಗದಲ್ಲಿ 22 ಭಾಗ ಚಿನ್ನವಿದ್ದರೆ ಅದು 22 ಕ್ಯಾರೆಟ್. ವಜ್ರದ ಕ್ಯಾರೆಟ್ ತೂಕದ ಲೆಕ್ಕ. ಒಂದು ಕ್ಯಾರೆಟ್ ಎಂದರೆ ಒಂದು ಗ್ರಾಮಿನ ಐದನೇ ಒಂದು ಭಾಗ, ಅಂದರೆ 200 ಮಿಲಿಗ್ರಾಂ. 1907ರಲ್ಲಿ ಅಂತಾರಾಷ್ಟ್ರೀಯ ಮಟ್ಟದಲ್ಲಿ ಈ ಅಳತೆಯನ್ನು ಒಪ್ಪಿಕೊಳ್ಳಲಾಯಿತು. ಅದಕ್ಕೆ ಮುಂಚೆ ಊರಿಗೊಂದು ಕ್ಯಾರೆಟ್ ಇತ್ತು. ಒಂದು ಕ್ಯಾರೆಟ್ಟನ್ನು ನೂರು ಭಾಗ ಮಾಡಿದರೆ ಒಂದೊಂದು ಭಾಗವನ್ನು ನಮ್ಮ ಅಂಗಡಿಗಳಲ್ಲಿ 'ಸೆಂಟ್' ಎನ್ನುತ್ತಾರೆ. ಅರ್ಧ ಕ್ಯಾರೆಟ್ ಎಂದರೆ 50 ಸೆಂಟ್.

ಮದ್ರಸದಲ್ಲಿ ಓದಿದವರಿಗೆ ಈ ಪದದ ಮೂಲ ಪರಿಚಿತವೇ. ಅರಬಿಯಲ್ಲಿ ಅದು 'ಕೀರಾತ್'. ಗ್ರೀಕ್ ಭಾಷೆಯಿಂದ ಅರಬಿಗೆ ಬಂದು, ಅಲ್ಲಿಂದ ಯುರೋಪಿಗೆ ಹೋಗಿ ಕ್ಯಾರೆಟ್ ಆಯಿತು. ಖರ್ರೂಬ್ ಮರದ ಬೀಜವನ್ನು ತಕ್ಕಡಿಗೆ ಹಾಕಿ ತೂಗುತ್ತಿದ್ದ ಕಾಲದ ಹೆಸರು ಅದು. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ತೂಗುತ್ತಿದ್ದಂತೆಯೇ. ಹದೀಸ್ ಪಾಠದಲ್ಲಿ ಇದೇ ಕೀರಾತ್ ಇನ್ನೊಂದು ಕಡೆ ಬರುತ್ತದೆ. ಜನಾಝ ನಮಾಝಿನಲ್ಲಿ ಪಾಲ್ಗೊಂಡವರಿಗೆ ಒಂದು ಕೀರಾತ್ ಪ್ರತಿಫಲ, ದಫನ ಆಗುವವರೆಗೂ ಇದ್ದವರಿಗೆ ಎರಡು ಎಂದು. ಆ ಕೀರಾತ್ ಎಷ್ಟು ದೊಡ್ಡದು ಎಂದು ಕೇಳಿದ್ದಕ್ಕೆ ಉಹುದ್ ಪರ್ವತದಷ್ಟು ಎಂಬ ಉತ್ತರ ಅಲ್ಲಿದೆ. ಇದನ್ನು ಓದುವಾಗ ನಮ್ಮ ಉಸ್ತಾದ್ ಒಂದು ಮಾತು ಹೇಳುತ್ತಿದ್ದರು. ಅಳತೆಯ ಹೆಸರು ಕೇಳಿದ ಕೂಡಲೇ ಸುಮ್ಮನಾಗಬೇಡಿ, ಎಷ್ಟು ಎಂದು ಕೇಳಿ ಎಂದು. ಅಂಗಡಿಯಲ್ಲಿಯೂ ಆ ಮಾತು ಕೆಲಸಕ್ಕೆ ಬರುತ್ತದೆ.

ಈಗ ಮುಖ್ಯ ವಿಷಯ. ತೂಕ ಎರಡರಷ್ಟಾದರೆ ಹರಳು ಎರಡರಷ್ಟು ದೊಡ್ಡದಾಗಿ ಕಾಣುತ್ತದೆಯೇ? ಇಲ್ಲ. ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ರವೆ ಉಂಡೆ ಕಟ್ಟಿ. ಈಗ ಅದರ ಎರಡರಷ್ಟು ಅಗಲದ ಇನ್ನೊಂದು ಉಂಡೆ ಕಟ್ಟಲು ಪ್ರಯತ್ನಿಸಿ. ಎರಡು ಉಂಡೆಯ ಹಿಟ್ಟು ಸಾಲುವುದಿಲ್ಲ, ನಾಲ್ಕೂ ಸಾಲುವುದಿಲ್ಲ. ಎಂಟು ಉಂಡೆಯ ಹಿಟ್ಟು ಬೇಕು. ಏಕೆಂದರೆ ಉಂಡೆ ಅಗಲಕ್ಕೆ ಮಾತ್ರವಲ್ಲ, ಉದ್ದಕ್ಕೂ ಎತ್ತರಕ್ಕೂ ಬೆಳೆಯುತ್ತದೆ. ಎರಡು ಸಲ ಎರಡು, ಮತ್ತೆ ಎರಡು, ಒಟ್ಟು ಎಂಟು. ನನ್ನ ಎಂಟನೇ ತರಗತಿಯ ಹುಡುಗಿಯರಿಗೆ ಇದನ್ನು ತೋರಿಸಿದಾಗ ಮೊದಲು ಯಾರೂ ನಂಬಲಿಲ್ಲ. ಕಟ್ಟಿ ನೋಡಿದ ಮೇಲೆ ನಂಬಿದರು, ಉಂಡೆಯನ್ನು ಹಂಚಿಕೊಂಡು ತಿಂದರು.

ದುಂಡಗಿನ ವಜ್ರದ ಕಥೆಯೂ ಇದೇ. ಬೆರಳಿನ ಮೇಲಿರುವಾಗ ನಾವು ನೋಡುವುದು ಅದರ ಮೇಲ್ಮುಖವನ್ನು ಮಾತ್ರ, ಅಂದರೆ ಅಗಲವನ್ನು. ದುಡ್ಡು ಕೊಡುವುದು ಮಾತ್ರ ಇಡೀ ಹರಳಿನ ತೂಕಕ್ಕೆ. ಸರಿಯಾಗಿ ಕತ್ತರಿಸಿದ ದುಂಡು ಹರಳಿನ ಅಗಲ ಸುಮಾರು ಹೀಗಿರುತ್ತದೆ. ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.

10 ಸೆಂಟ್ – 3 ಮಿಲಿಮೀಟರ್
25 ಸೆಂಟ್ – 4.1 ಮಿಲಿಮೀಟರ್
50 ಸೆಂಟ್ – 5.1 ಮಿಲಿಮೀಟರ್
75 ಸೆಂಟ್ – 5.8 ಮಿಲಿಮೀಟರ್
1 ಕ್ಯಾರೆಟ್ – 6.4 ಮಿಲಿಮೀಟರ್
ಒಂದೂವರೆ ಕ್ಯಾರೆಟ್ – 7.4 ಮಿಲಿಮೀಟರ್
2 ಕ್ಯಾರೆಟ್ – 8.1 ಮಿಲಿಮೀಟರ್

ನೋಡಿದಿರಾ? ಅರ್ಧ ಕ್ಯಾರೆಟ್ಟಿನಿಂದ ಒಂದು ಕ್ಯಾರೆಟ್ಟಿಗೆ ಹೋದರೆ ತೂಕ ಎರಡು ಪಟ್ಟು, ಆದರೆ ಅಗಲದಲ್ಲಿ ಹೆಚ್ಚಾಗುವುದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಗಲ ಕಾಲು ಭಾಗದಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣುವ ಮೇಲ್ಮೈ ಸುಮಾರು ಶೇಕಡಾ 60ರಷ್ಟು ಹೆಚ್ಚುತ್ತದೆ. ಬೆಲೆ ಮಾತ್ರ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ದೊಡ್ಡ ಹರಳು ಅಪರೂಪವಾದ್ದರಿಂದ ಅದರ ಪ್ರತಿ ಕ್ಯಾರೆಟ್ ದರವೇ ಮೇಲಿರುತ್ತದೆ. ಮಿಲಿಮೀಟರ್ ಕಲ್ಪನೆಗೆ ಬರದಿದ್ದರೆ ಮನೆಯ ವಸ್ತುಗಳನ್ನೇ ನೆನಪಿಸಿಕೊಳ್ಳಿ. ಒಳ್ಳೆಯ ದಪ್ಪ ಕಾಳುಮೆಣಸು ಸುಮಾರು 5 ಮಿಲಿಮೀಟರ್, ಅದು ಹೆಚ್ಚುಕಡಿಮೆ ಅರ್ಧ ಕ್ಯಾರೆಟ್ ಹರಳಿನ ಅಗಲ. ಮಕ್ಕಳ ಸಾಮಾನ್ಯ ಪೆನ್ಸಿಲಿನ ಅಗಲ ಸುಮಾರು 7 ಮಿಲಿಮೀಟರ್. ಒಂದು ಕ್ಯಾರೆಟ್ ಹರಳು ಅದಕ್ಕಿಂತ ತುಸು ಚಿಕ್ಕದು. ಮದುವೆ ಮನೆಯಲ್ಲಿ ಯಾರೋ "ಎರಡು ಕ್ಯಾರೆಟ್" ಎಂದು ಕೈ ಮುಂದೆ ಚಾಚಿದರೆ ಇನ್ನು ಮುಂದೆ ನೀವೇ ಅಂದಾಜು ಮಾಡಬಹುದು. ಬಾಯಿಬಿಟ್ಟು ಹೇಳಬೇಡಿ, ಅಷ್ಟೇ!

ಇದು ಸರಿಯಾಗಿ ಕತ್ತರಿಸಿದ ಹರಳಿನ ಲೆಕ್ಕ. ಎಲ್ಲ ಹರಳೂ ಹಾಗೆ ಇರುವುದಿಲ್ಲ. ತೊಡಕು ಇರುವುದು ಅಲ್ಲಿಯೇ.

ದುಂಡು ವಜ್ರವನ್ನು ಪಕ್ಕದಿಂದ ನೋಡಿದರೆ ಬುಗುರಿಯ ಆಕಾರ. ಮೇಲೆ ಚಪ್ಪಟೆ ತಲೆ, ನಡುವೆ ಸೊಂಟದಂತಹ ತೆಳುವಾದ ಅಂಚು, ಕೆಳಗೆ ಚೂಪಾದ ತುದಿ. ಮೇಲಿನಿಂದ ಒಳಹೋದ ಬೆಳಕು ಕೆಳಗಿನ ಇಳಿಜಾರಿಗೆ ಬಡಿದು, ಎದುರು ಇಳಿಜಾರಿಗೆ ತಿರುಗಿ, ಮತ್ತೆ ಮೇಲಿನಿಂದಲೇ ಹೊರಬರಬೇಕು. ಆಗಲೇ ಅದು ಹೊಳೆಯುವುದು. ಇದಕ್ಕೆ ಸರಿಯಾದ ಕೋನಗಳನ್ನು ಮಾರ್ಸೆಲ್ ಟೊಲ್ಕೋವ್‌ಸ್ಕಿ ಎಂಬವರು 1919ರಲ್ಲೇ ಲೆಕ್ಕ ಹಾಕಿ ಪುಸ್ತಕ ಬರೆದರು. ಹರಳಿನ ಎತ್ತರವನ್ನು ಅದರ ಅಗಲದಿಂದ ಭಾಗಿಸಿದರೆ ಬರುವ ಶೇಕಡಾವಾರು ಅಂಕಿಗೆ 'ಡೆಪ್ತ್' ಎನ್ನುತ್ತಾರೆ. ಸಾಮಾನ್ಯವಾಗಿ ಒಳ್ಳೆಯ ದುಂಡು ಹರಳಿನಲ್ಲಿ ಇದು 59ರಿಂದ 63ರ ಒಳಗಿರುತ್ತದೆ.

ಇದು 66, 67 ಆದರೆ? ಹರಳು ಕೆಳಗೆ ಉದ್ದವಾಗಿ ಇಳಿದಿದೆ ಎಂದರ್ಥ. ಆ ತೂಕ ಉಂಗುರದ ಒಳಗೆ ಅಡಗಿ ಕುಳಿತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಿಲ್ಲಿನಲ್ಲಿ ಕಾಣುತ್ತದೆ. ಜೊತೆಗೆ ಬೆಳಕು ಕೆಳಗಿನಿಂದ ಸೋರಿಹೋಗಿ ಹರಳಿನ ನಡುವೆ ಕಪ್ಪು ಕಪ್ಪಾಗಿ ಕಾಣಬಹುದು. ಸೊಂಟದ ಅಂಚು ಅಗತ್ಯಕ್ಕಿಂತ ದಪ್ಪವಾಗಿದ್ದರೂ ಹೀಗೆಯೇ ತೂಕ ಅಡಗುತ್ತದೆ.

ಹಾಗಾದರೆ ಹರಳನ್ನು ಹೀಗೆ ಏಕೆ ಕತ್ತರಿಸುತ್ತಾರೆ? ತೂಕ ಉಳಿಸಲು. ವಜ್ರದ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 30, 50, 70, 90 ಸೆಂಟ್, ಒಂದು ಕ್ಯಾರೆಟ್, ಒಂದೂವರೆ ಕ್ಯಾರೆಟ್ ಹೀಗೆ ಮೆಟ್ಟಿಲುಗಳು. 49 ಸೆಂಟಿನ ಹರಳಿಗೂ 50 ಸೆಂಟಿನ ಹರಳಿಗೂ ಕಣ್ಣಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ, ದರದಲ್ಲಿ ಒಂದು ಮೆಟ್ಟಿಲಿನ ವ್ಯತ್ಯಾಸವಿದೆ. ಕತ್ತರಿಸುವವನ ಕೈಯಲ್ಲಿರುವ ಒರಟು ಕಲ್ಲು ಚೆನ್ನಾಗಿ ಕತ್ತರಿಸಿದರೆ 46 ಸೆಂಟ್ ಆಗುತ್ತದೆ, ಸ್ವಲ್ಪ ಅಡ್ಡಾದಿಡ್ಡಿಯಾಗಿ ಬಿಟ್ಟರೆ 50 ಉಳಿಯುತ್ತದೆ ಎಂದಾದರೆ ಅವನು ಯಾವುದನ್ನು ಆರಿಸುತ್ತಾನೆ? ಅನೇಕ ಸಲ 50ನ್ನೇ. ಇದು ಮೋಸವಲ್ಲ, ತೂಕ ನಿಜವಾದದ್ದೇ. ಕೊಳ್ಳುವವರು "ಎಷ್ಟು ಕ್ಯಾರೆಟ್" ಎಂದು ಮಾತ್ರ ಕೇಳುವುದರಿಂದ ಮಾರುವವರು ಕ್ಯಾರೆಟ್ಟನ್ನೇ ಕೊಡುತ್ತಾರೆ.

ತೂಕ ಮುಖ್ಯವೋ ಹೊಳಪು ಮುಖ್ಯವೋ ಎಂಬ ಈ ಜಗಳ ಹೊಸದಲ್ಲ. ಕೊಹಿನೂರ್ ವಜ್ರವನ್ನು ನೆನಪಿಸಿಕೊಳ್ಳಿ. 1849ರಲ್ಲಿ ಪಂಜಾಬನ್ನು ಕಬಳಿಸಿದ ಬ್ರಿಟಿಷರು ಅದನ್ನು ಒಯ್ದರು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಇಟ್ಟಾಗ ಜನ ಸಾಲುಗಟ್ಟಿ ಬಂದು ನೋಡಿ ನಿರಾಸೆಪಟ್ಟರು. ಅಷ್ಟು ದೊಡ್ಡ ಕಲ್ಲು, ಆದರೆ ಅವರು ನಿರೀಕ್ಷಿಸಿದ ಹೊಳಪಿಲ್ಲ. ಭಾರತದಲ್ಲಿ ಕಲ್ಲಿನ ತೂಕ ಉಳಿಸಿ ಕತ್ತರಿಸುವುದು ವಾಡಿಕೆಯಾಗಿತ್ತು. 1852ರಲ್ಲಿ ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ಮುಂದೆ ನಿಂತು ಅದನ್ನು ಮತ್ತೆ ಕತ್ತರಿಸಿದರು. ಸುಮಾರು 186 ಕ್ಯಾರೆಟ್ ಇದ್ದ ಕಲ್ಲು 105.6 ಕ್ಯಾರೆಟ್ಟಿಗೆ ಇಳಿಯಿತು. ಹೊಳಪಿಗಾಗಿ ಅಷ್ಟು ತೂಕವನ್ನು ಪುಡಿ ಮಾಡಿದರು. ಅದು ಸರಿಯೋ ತಪ್ಪೋ, ಆ ಕಲ್ಲು ಯಾರದ್ದು ಎಂಬುದೆಲ್ಲ ಬೇರೆ ಚರ್ಚೆ. ತೂಕ ಮತ್ತು ನೋಟ ಬೇರೆ ಬೇರೆ ವಸ್ತುಗಳು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ನಾವು ಬೆಂಗಳೂರಿನ ಅಂಗಡಿಗೆ ಹೋದ ದಿನ ನಮ್ಮ ಜೊತೆ ಹುಡುಗನ ತಾಯಿಯೂ ಇದ್ದರು. ಒಳ್ಳೆಯ ಮನಸ್ಸಿನ ಹೆಂಗಸು. ಮಗ ಹೇಳಿಕಳಿಸಿದ್ದು ಅರ್ಧ ಕ್ಯಾರೆಟ್. ಅಂಗಡಿಯವರು ಕೂಡಿಸದ ಬಿಡಿ ಹರಳುಗಳನ್ನು ಕಾಗದದ ಪೊಟ್ಟಣದಿಂದ ತೆಗೆದು ತೋರಿಸಿದರು. ಬಣ್ಣ, ಸ್ವಚ್ಛತೆ ಎರಡೂ ಒಂದೇ ದರ್ಜೆಯ ಎರಡು ಹರಳು ಮುಂದೆ ಬಂದವು. ಎರಡಕ್ಕೂ ಪ್ರಯೋಗಾಲಯದ ಪ್ರಮಾಣಪತ್ರ ಇತ್ತು. ಒಂದು 0.50 ಕ್ಯಾರೆಟ್, ಅಳತೆ 4.95–4.99 × 3.33 ಮಿಲಿಮೀಟರ್. ಇನ್ನೊಂದು 0.46 ಕ್ಯಾರೆಟ್, ಅಳತೆ 4.97–5.00 × 3.05 ಮಿಲಿಮೀಟರ್. ಇದರಲ್ಲಿ ಮೊದಲಿನ ಎರಡು ಅಂಕಿ ಅಗಲ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಅತಿ ಕಡಿಮೆ ಮತ್ತು ಅತಿ ಹೆಚ್ಚು. ಮೂರನೆಯದು ಎತ್ತರ.

ಓದಿ ನೋಡಿ, ಸಹೋದರಿಯರೇ. 46 ಸೆಂಟಿನ ಹರಳು 50 ಸೆಂಟಿನದಕ್ಕಿಂತ ಕೂದಲೆಳೆಯಷ್ಟು ಅಗಲವಾಗಿಯೇ ಇದೆ! ಮೊದಲನೆಯದರ ಡೆಪ್ತ್ 67, ಎರಡನೆಯದರದ್ದು 61. ಹೆಚ್ಚಿನ ನಾಲ್ಕು ಸೆಂಟ್ ಎಲ್ಲಿತ್ತೆಂದರೆ, ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ.

ನಾನು ಇದನ್ನು ವಿವರಿಸಿದಾಗ ಹುಡುಗನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಆಪಾ, ನಿಮ್ಮ ಲೆಕ್ಕ ಸರಿ ಇರಬಹುದು. ಆದರೆ ನಾಳೆ ನಾಲ್ಕು ಜನ ಕೇಳಿದಾಗ ಅರ್ಧ ಕ್ಯಾರೆಟ್ ಹಾಕಿದ್ದೇವೆ ಎಂದು ಹೇಳಬೇಕಲ್ಲ. ನಲವತ್ತಾರು ಸೆಂಟ್ ಎಂದರೆ ಏನೋ ಕಡಿಮೆ ಮಾಡಿದ ಹಾಗೆ ಕೇಳಿಸುತ್ತದೆ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ಮದುವೆ ಎಂದರೆ ನಾಲ್ಕು ಜನರ ಮಾತೂ ಇರುತ್ತದೆ. ಮಗ ಕಡಿಮೆ ಕೊಟ್ಟ ಎಂದು ಯಾರೂ ಅನ್ನಬಾರದು ಎಂಬುದು ತಾಯಿಯ ಸಂಕಟ. ಉತ್ತರ ಕೊಟ್ಟವಳು ನನ್ನ ಅಕ್ಕನ ಮಗಳು. ಅವಳು ಎರಡೂ ಹರಳನ್ನು ಅಂಗಡಿಯ ದೀಪಗಳ ಕೆಳಗಿನಿಂದ ಬಾಗಿಲ ಬಳಿಯ ನೆರಳಿಗೆ ತರಿಸಿದಳು. ಅತ್ತೆಯಾಗುವವರ ಬೆರಳುಗಳ ಸಂದಿಯಲ್ಲಿ ಒಂದೊಂದನ್ನೇ ಇರಿಸಿ, ತೋಳು ಚಾಚಿ ನೋಡಲು ಹೇಳಿದಳು. ಯಾವುದು ಯಾವುದೆಂದು ಹೇಳಲಿಲ್ಲ. "ಅಮ್ಮೀ, ನಿಮಗೆ ಯಾವುದು ದೊಡ್ಡದು ಕಾಣುತ್ತದೆ?" ಎಂದಳು. ಅವರು ತೋರಿಸಿದ್ದು 46 ಸೆಂಟಿನದನ್ನು. ಅಂಚಿನವರೆಗೂ ಹೊಳೆಯುವ ಹರಳು ಕಣ್ಣಿಗೆ ದೊಡ್ಡದಾಗಿಯೇ ಕಾಣುತ್ತದೆ. ಅಂಚು ಮಂಕಾದರೆ ಇದ್ದದ್ದೂ ಕಿರಿದಾಗುತ್ತದೆ. ಅವರು ನಕ್ಕುಬಿಟ್ಟರು. ಉಳಿದ ಹಣದಲ್ಲಿ ಎರಡು ಗ್ರಾಂ ಚಿನ್ನದ ನಾಣ್ಯ ತೆಗೆದು ಅದನ್ನೂ ಮಹ್ರ್‌ಗೆ ಸೇರಿಸೋಣ ಎಂದದ್ದು ಅವರೇ.

ಇನ್ನೊಂದು ಅತಿಯನ್ನೂ ಹೇಳಿಬಿಡುತ್ತೇನೆ. ಅಗಲ ಹೆಚ್ಚು ಬೇಕೆಂದು ತೀರಾ ಚಪ್ಪಟೆಯಾದ ಹರಳಿಗೆ ಕೈ ಹಾಕಬೇಡಿ. ಡೆಪ್ತ್ 56, 57ಕ್ಕೆ ಇಳಿದರೆ ಹರಳು ಅಗಲವಾಗಿ ಕಾಣುತ್ತದೆ, ಆದರೆ ಜೀವ ಇರುವುದಿಲ್ಲ. ಒಳಗೆ ಮೀನಿನ ಕಣ್ಣಿನಂತೆ ಬೂದು ಬಣ್ಣದ ಬಳೆ ಕಾಣಿಸಬಹುದು. ಜಿಐಎ ಎಂಬ ಸಂಸ್ಥೆ 2006ರಿಂದ ದುಂಡು ಹರಳಿನ ಪ್ರಮಾಣಪತ್ರದಲ್ಲಿ ಕಟ್ ದರ್ಜೆಯನ್ನೂ ಕೊಡುತ್ತಿದೆ. ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್ ಎಂದು ಐದು ದರ್ಜೆ. ಐಜಿಐ ಪ್ರಮಾಣಪತ್ರದಲ್ಲಿಯೂ ಅಳತೆಗಳು ಇರುತ್ತವೆ. ತೂಕದ ಸಾಲನ್ನು ಓದಿದ ಮೇಲೆ ಅಳತೆಯ ಸಾಲನ್ನೂ ಕಟ್ ಸಾಲನ್ನೂ ಓದದೆ ಕಾಗದವನ್ನು ಮಡಚಬೇಡಿ.

ಲೆಕ್ಕ ಇಷ್ಟವಿರುವವರಿಗೆ ಒಂದು ಸೂತ್ರವೂ ಇದೆ. ಅಗಲವನ್ನು ಅಗಲದಿಂದ ಗುಣಿಸಿ, ಅದನ್ನು ಎತ್ತರದಿಂದ ಗುಣಿಸಿ, ಬಂದದ್ದನ್ನು 0.0061ರಿಂದ ಗುಣಿಸಿ. ಅಳತೆಗಳು ಮಿಲಿಮೀಟರಿನಲ್ಲಿ ಇರಬೇಕು. ಬರುವುದು ದುಂಡು ವಜ್ರದ ಅಂದಾಜು ಕ್ಯಾರೆಟ್. ಮೇಲಿನ 46 ಸೆಂಟಿನ ಹರಳನ್ನೇ ತೆಗೆದುಕೊಳ್ಳಿ. 4.985 × 4.985 × 3.05 × 0.0061. ಮೊಬೈಲಿನಲ್ಲಿ ಒತ್ತಿದರೆ 0.46 ಬರುತ್ತದೆ. ಉಂಗುರಕ್ಕೆ ಕೂಡಿಸಿಬಿಟ್ಟ ಹರಳನ್ನು ಬಿಚ್ಚದೆ ತಕ್ಕಡಿಗೆ ಹಾಕಲು ಆಗುವುದಿಲ್ಲ. ಆಗ ವ್ಯಾಪಾರಿಗಳೂ ಇಂತಹ ಸೂತ್ರದಿಂದಲೇ ಅಂದಾಜು ಮಾಡುತ್ತಾರೆ.

ಇನ್ನು 'ಒಟ್ಟು ತೂಕ' ಎಂಬ ಮಾತು. ಇದನ್ನು ಬರೆಯುವಾಗ ನಮ್ಮ ಬೀದಿಯ ಒಬ್ಬ ತಾಯಿ ನೆನಪಾಗುತ್ತಾರೆ. ಗಂಡ ಕಾಯಿಲೆ ಬಿದ್ದು ಅಂಗಡಿ ಮುಚ್ಚಿತು. ಮಗಳ ಕಾಲೇಜು ಫೀಸಿಗೆ ಮದುವೆಯ ವಜ್ರದುಂಗುರ ಮಾರಲು ಹೊರಟರು. ಅದು "ಒಂದು ಕ್ಯಾರೆಟ್ ಉಂಗುರ" ಎಂದು ಹದಿನೈದು ವರ್ಷ ನಂಬಿದ್ದರು. ಎರಡು ಅಂಗಡಿಯಲ್ಲಿ ಹೇಳಿದ್ದು ಒಂದೇ. ನಡುವೆ ಹೂವಿನಂತೆ ಜೋಡಿಸಿದ ಏಳು ಹರಳು, ತಲಾ 10 ಸೆಂಟ್. ಪಕ್ಕದಲ್ಲಿ ಮೂವತ್ತು ಪುಡಿ ಹರಳು, ತಲಾ ಒಂದು ಸೆಂಟ್. ಎಲ್ಲ ಸೇರಿ ಒಂದು ಕ್ಯಾರೆಟ್. ಹಳೆಯ ಬಿಲ್ಲಿನಲ್ಲಿಯೂ ಒಟ್ಟು ತೂಕ ಎಂದೇ ಇತ್ತು. ಸುಳ್ಳು ಯಾರೂ ಹೇಳಿರಲಿಲ್ಲ, ಬಿಡಿಸಿಯೂ ಯಾರೂ ಹೇಳಿರಲಿಲ್ಲ. ಒಂದೇ ಹರಳಿನ ಒಂದು ಕ್ಯಾರೆಟ್ಟಿಗೂ ಮೂವತ್ತೇಳು ಹರಳಿನ ಒಂದು ಕ್ಯಾರೆಟ್ಟಿಗೂ ಬೆಲೆಯಲ್ಲಿ ಅಜಗಜಾಂತರ. ಸಿಕ್ಕಿದ ಹಣದಲ್ಲಿ ಹೆಚ್ಚಿನ ಪಾಲು ಚಿನ್ನದ್ದೇ ಆಗಿತ್ತು. ಒಂದು ವರ್ಷದ ಫೀಸಿಗಾಗಿ ಹೊರಟವರು ಅರ್ಧ ವರ್ಷದ ಫೀಸಿನೊಂದಿಗೆ ಮನೆಗೆ ಬಂದರು.

ಏಳು ಕಲ್ಲಿನ ಉಂಗುರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ದೊಡ್ಡದಾಗಿ ಕಾಣಬೇಕು, ಖರ್ಚು ಕಡಿಮೆ ಇರಬೇಕು ಎಂದರೆ ಅದೇ ಜಾಣತನ. 10 ಸೆಂಟಿನ ಏಳು ಹರಳನ್ನು ಒತ್ತಾಗಿ ಜೋಡಿಸಿದರೆ ಸುಮಾರು 9 ಮಿಲಿಮೀಟರ್ ಅಗಲದ ಹೂವಾಗುತ್ತದೆ. ಅದೇ 70 ಸೆಂಟಿನ ಒಂದೇ ಹರಳು 5.7 ಮಿಲಿಮೀಟರ್ ಮಾತ್ರ. ನಮ್ಮ ಅಜ್ಜಿಯಂದಿರ ಏಳು ಕಲ್ಲಿನ ಓಲೆಯ ಗುಟ್ಟು ಇದೇ. ಏನು ಕೊಳ್ಳುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರಬೇಕು, ಅಷ್ಟೇ.

ಕೂಡಿಸುವ ರೀತಿಯಿಂದಲೂ ನೋಟ ಬದಲಾಗುತ್ತದೆ. ಚಿಕ್ಕ ಹರಳಿನ ಸುತ್ತ ಕೆತ್ತನೆಯ ಬಿಳಿ ಲೋಹದ ತಟ್ಟೆ ಇಟ್ಟರೆ ದೂರದಿಂದ ಲೋಹವೂ ವಜ್ರದಂತೆಯೇ ಮಿನುಗುತ್ತದೆ. ಕೈಯಲ್ಲಿ ಹಿಡಿದು ಹರಳು ಎಲ್ಲಿ ಮುಗಿಯಿತು, ಲೋಹ ಎಲ್ಲಿ ಶುರುವಾಯಿತು ಎಂದು ನೋಡಿ. ದಪ್ಪ ಕೊಕ್ಕೆಗಳು ಹರಳನ್ನು ಮುಚ್ಚಿ ಚಿಕ್ಕದಾಗಿಸುತ್ತವೆ. ಹಿಂಭಾಗ ಮುಚ್ಚಿದ ಉಂಗುರದಲ್ಲಿ ಎತ್ತರ ಅಳೆಯಲು ಆಗುವುದೇ ಇಲ್ಲ. ತೆಳು ಬೆರಳಿನಲ್ಲಿ ಅದೇ ಹರಳು ದೊಡ್ಡದಾಗಿ ಕಾಣುತ್ತದೆ, ದಪ್ಪ ಬೆರಳಿನಲ್ಲಿ ಚಿಕ್ಕದಾಗಿ. ಆದ್ದರಿಂದ ಅಂಗಡಿಯ ಹುಡುಗಿಯ ಬೆರಳಿನಲ್ಲಿ ನೋಡಿ ನಿರ್ಧರಿಸಬೇಡಿ. ಹಾಕಿಕೊಳ್ಳುವವರ ಬೆರಳಿನಲ್ಲೇ ನೋಡಿ. ಸಾಧ್ಯವಾದರೆ ಮೊದಲು ಬಿಡಿ ಹರಳು ಆರಿಸಿ, ಆಮೇಲೆ ಕೂಡಿಸಲು ಕೊಡಿ.

ಬೇರೆ ಕಲ್ಲುಗಳಲ್ಲಿ ಈ ಪಟ್ಟಿ ನಡೆಯುವುದಿಲ್ಲ ಎಂಬುದನ್ನೂ ನೆನಪಿಡಿ. ಒಂದೇ ಗಾತ್ರದ ಎರಡು ಕಲ್ಲುಗಳ ತೂಕ ಬೇರೆ ಬೇರೆ ಇರುತ್ತದೆ. ಹನ್ನೊಂದನೇ ಶತಮಾನದಲ್ಲೇ ಅಲ್‌ಬಿರೂನಿ ರತ್ನಗಳನ್ನು ನೀರಿನಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ತೂಗಿ ಈ ವ್ಯತ್ಯಾಸವನ್ನು ಅಳೆದಿದ್ದರು. ನಾವು 'ಅಮೆರಿಕನ್ ಡೈಮಂಡ್' ಎನ್ನುವ ಕಲ್ಲು ವಜ್ರವೇ ಅಲ್ಲ, ಜಿರ್ಕೋನಿಯಾ. ಅದು ವಜ್ರಕ್ಕಿಂತ ಬಹಳ ಭಾರ. ಒಂದು ಕ್ಯಾರೆಟ್ ವಜ್ರದಷ್ಟೇ ಅಗಲದ ಜಿರ್ಕೋನಿಯಾ ಸುಮಾರು 1.7 ಕ್ಯಾರೆಟ್ ತೂಗುತ್ತದೆ. ಮೊಯ್ಸನೈಟ್ ಎಂಬ ಕಲ್ಲು ವಜ್ರಕ್ಕಿಂತ ಹಗುರ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಮಾತ್ರ ನಿಜವಾದ ವಜ್ರವೇ. ಅದರ ಸಾಂದ್ರತೆಯೂ ಒಂದೇ, ಆದ್ದರಿಂದ ಮೇಲಿನ ಪಟ್ಟಿ ಅದಕ್ಕೂ ಹೊಂದುತ್ತದೆ. ಆದರೆ ಅದರ ಬೆಲೆ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ. ಕಣ್ಣಿನಿಂದಾಗಲಿ ಅಳತೆಯಿಂದಾಗಲಿ ಇವೆರಡನ್ನು ಬೇರೆ ಮಾಡಲು ನಮ್ಮಿಂದ ಆಗದು. ಯಾವುದೆಂದು ಪ್ರಮಾಣಪತ್ರದಲ್ಲಿ ಬರೆದಿರಬೇಕು, ಬಿಲ್ಲಿನಲ್ಲಿಯೂ ಬರೆಸಬೇಕು. ಲ್ಯಾಬ್ ವಜ್ರ ಹಾಕಿಕೊಳ್ಳುವುದರಲ್ಲಿ ಅವಮಾನವೇನಿಲ್ಲ, ಆದರೆ ಗಣಿಯ ವಜ್ರದ ದರಕ್ಕೆ ಕೊಳ್ಳಬಾರದು.

ಬಿಲ್ಲಿನ ಮಾತು ಬಂತು, ಅದನ್ನೂ ಮುಗಿಸೋಣ. ಉಂಗುರವನ್ನು ತಕ್ಕಡಿಗೆ ಹಾಕಿದಾಗ ಬರುವುದು ಚಿನ್ನ ಮತ್ತು ಕಲ್ಲು ಸೇರಿದ ತೂಕ. ಚಿನ್ನದ ದರ ಕಟ್ಟುವಾಗ ಕಲ್ಲಿನ ತೂಕ ಕಳೆಯಬೇಕು. ಒಂದು ಕ್ಯಾರೆಟ್ಟಿಗೆ 0.2 ಗ್ರಾಂ. ಉಂಗುರ 4.2 ಗ್ರಾಂ ತೂಗಿ ಅದರಲ್ಲಿ ಒಂದು ಕ್ಯಾರೆಟ್ ವಜ್ರವಿದ್ದರೆ ಚಿನ್ನ 4 ಗ್ರಾಂ ಮಾತ್ರ. ವಜ್ರದ ಆಭರಣಕ್ಕೆ ಹೆಚ್ಚಾಗಿ 18 ಕ್ಯಾರೆಟ್ ಚಿನ್ನ ಬಳಸುತ್ತಾರೆ, ಏಕೆಂದರೆ 22 ಮೆದು, ಹರಳನ್ನು ಗಟ್ಟಿಯಾಗಿ ಹಿಡಿಯದು. ಆಗ ಹಾಲ್‌ಮಾರ್ಕಿನಲ್ಲಿ 750 ಎಂಬ ಅಂಕಿ ಇರಬೇಕು, ದರವೂ 18ರದ್ದೇ ಆಗಿರಬೇಕು. ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ. ವಜ್ರದ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಮಹ್ರ್ ಆಗಿ ವಜ್ರ ಬಂದರೆ ಬರೆಯುವಾಗ ಇನ್ನಷ್ಟು ಎಚ್ಚರ ಬೇಕು. 'ಒಂದು ವಜ್ರದ ಉಂಗುರ' ಎಂದಷ್ಟೇ ನಿಕಾಹ್‌ನಾಮದಲ್ಲಿ ಬರೆದರೆ ಅದು ಹತ್ತು ಸಾವಿರದ್ದೂ ಆಗಬಹುದು, ಹತ್ತು ಲಕ್ಷದ್ದೂ ಆಗಬಹುದು. ನಾವು ನಮ್ಮ ಹುಡುಗಿಯ ಮಹ್ರ್‌ನಲ್ಲಿ ಹರಳು ಒಂದೇ ಎಂಬುದನ್ನು, ಅದರ ತೂಕ, ಅಳತೆ, ಪ್ರಮಾಣಪತ್ರದ ಸಂಖ್ಯೆ, ಚಿನ್ನದ ನಿವ್ವಳ ತೂಕ ಮತ್ತು ಅಂದಿನ ಬೆಲೆಯನ್ನು ಬರೆಸಿದೆವು. ಜೊತೆಗೆ ಎರಡು ಗ್ರಾಂ ನಾಣ್ಯವನ್ನೂ. ಖಾಝಿ ಸಾಹೇಬರು ಬರೆಯುವ ಮುಂಚೆ ಒಂದು ಸಲ ಮುಖ ನೋಡಿದರು, ಆಮೇಲೆ "ಎಲ್ಲರೂ ಹೀಗೆ ಬರೆಸಿದರೆ ನಮಗೆ ಮುಂದೆ ಎಷ್ಟೋ ತಕರಾರು ತಪ್ಪುತ್ತದೆ" ಎಂದರು. ಪ್ರಮಾಣಪತ್ರದ ಸಂಖ್ಯೆಯನ್ನು ಅನೇಕ ಹರಳುಗಳ ಸೊಂಟದ ಅಂಚಿನಲ್ಲಿ ಲೇಸರಿನಿಂದ ಕೆತ್ತಿರುತ್ತಾರೆ. ಅಂಗಡಿಯ ದುರ್ಬೀನಿನಲ್ಲಿ ಅದನ್ನು ಓದಿಸಿ, ಕಾಗದದ ಸಂಖ್ಯೆಯೊಂದಿಗೆ ತಾಳೆ ನೋಡಿ. ಮತ್ತೆ ಮಾರಬೇಕಾದರೆ ಅಂಗಡಿಯವರು ಎಷ್ಟು ಕಡಿತ ಮಾಡುತ್ತಾರೆ ಎಂಬುದನ್ನೂ ಕೊಳ್ಳುವ ದಿನವೇ ಬರೆಸಿಕೊಳ್ಳಿ. ವಜ್ರಕ್ಕೆ ಚಿನ್ನದಂತೆ ದಿನದಿನದ ಒಂದೇ ದರ ಇಲ್ಲ.

ಸಹೋದರಿಯರೇ, ವಜ್ರ ಕೊಳ್ಳಲೇಬೇಕು ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಕೈಯಲ್ಲಿ ಹಣವಿಲ್ಲದೆ ಸಾಲ ಮಾಡಿ ಕೊಳ್ಳುವ ವಸ್ತು ಅದಲ್ಲ. ಆದರೆ ಯಾರೋ ನಾಲ್ಕು ವರ್ಷ ದುಡಿದು ನಿಮ್ಮ ಬೆರಳಿಗೆ ಒಂದನ್ನು ತೊಡಿಸುತ್ತಾರೆಂದಾದರೆ, ಆ ದುಡಿಮೆ ಉಂಗುರದ ಹೊಟ್ಟೆಯೊಳಗೆ ಅಡಗಿ ಕುಳಿತ ತೂಕಕ್ಕೆ ಹೋಗಬಾರದು. ಮುಂದಿನ ಸಲ ಆ ಕೌಂಟರಿನ ಮುಂದೆ ಕುಳಿತಾಗ "ಎಷ್ಟು ಕ್ಯಾರೆಟ್?" ಎಂದು ಕೇಳಿ ನಿಲ್ಲಿಸಬೇಡಿ. "ಎಷ್ಟು ಹರಳು? ಎಷ್ಟು ಮಿಲಿಮೀಟರ್ ಅಗಲ, ಎಷ್ಟು ಎತ್ತರ?" ಎಂದೂ ಕೇಳಿ. ಉತ್ತರ ಬರುವವರೆಗೆ ಪರ್ಸ್ ತೆರೆಯಬೇಡಿ.